ಸಖಿ ಕೇಂದ್ರದಲ್ಲಿ ಐದು ದಿನ. ಆರನೆಯ ದಿನ ಎಲ್ಲಿಗೆ?

ಎಂಟನೇ ತರಗತಿ ಟೀಚರ್ · ಸೋಮವಾರ, ರಾತ್ರಿ 10:20

ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ಏಕೆಂದು ಓದಿದರೆ ತಿಳಿಯುತ್ತದೆ.

ಕಳೆದ ಗುರುವಾರ ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಮನೆಯ ಬಾಗಿಲು ಬಡಿದದ್ದು ನನ್ನ ತರಗತಿಯ ಹುಡುಗ. ಹದಿಮೂರು ವರ್ಷ. ಅವನ ಹಿಂದೆ ತಾಯಿ, ಆಕೆಯ ಕಂಕುಳಲ್ಲಿ ನಿದ್ದೆಹೋಗಿದ್ದ ಆರು ವರ್ಷದ ಮಗಳು. ಕೈಯಲ್ಲಿ ಒಂದು ವೈರ್ ಬುಟ್ಟಿ. ಅದರಲ್ಲಿ ಬಟ್ಟೆ ಇರಲಿಲ್ಲ, ಮಗನ ಪಠ್ಯಪುಸ್ತಕಗಳಿದ್ದವು. "ನಾಳೆ ಗಣಿತದ ಪರೀಕ್ಷೆ ಇದೆಯಲ್ಲ ಟೀಚರ್" ಎಂದ. ಕೊನೆಯ ಬಸ್ಸಿಗೆ ಬಂದಿದ್ದರು. ಶಕ್ತಿ ಯೋಜನೆ ಇದ್ದುದರಿಂದ ತಾಯಿ ಮಗಳಿಗೆ ದುಡ್ಡು ಬೇಕಾಗಲಿಲ್ಲ, ಆದರೆ ಆಧಾರ್ ಕಾರ್ಡು ಗಂಡನ ಬೀರುವಿನಲ್ಲಿತ್ತು. ಕಂಡಕ್ಟರ್ ಕೇಳಲಿಲ್ಲವಂತೆ, ಮುಖ ನೋಡಿ ಶೂನ್ಯ ಟಿಕೆಟ್ ಕೊಟ್ಟರಂತೆ.

ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದೆವು. ಎಡಕಿವಿಯ ತಮಟೆ ಹರಿದಿದೆ ಎಂದರು. ಠಾಣೆಯಲ್ಲಿ, "ಗಂಡನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಳ್ಳುತ್ತೇವೆ, ಹೊಂದಿಕೊಂಡು ಹೋಗಮ್ಮ" ಎಂದರು. ಇದು ಮೂರನೆಯ ಮುಚ್ಚಳಿಕೆಯಂತೆ. ಕೊನೆಗೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ನೊಂದ ಮಹಿಳೆಯರಿಗೆ ತುರ್ತು ನೆರವು ಕೊಡುವ ಜಿಲ್ಲಾ ಕೇಂದ್ರದ ಸಖಿಗೆ ಶುಕ್ರವಾರ ಕರೆದುಕೊಂಡು ಹೋದೆ. ಅಲ್ಲಿಯವರು ಚೆನ್ನಾಗಿಯೇ ನೋಡಿಕೊಂಡಿದ್ದಾರೆ, ಅದನ್ನು ಹೇಳಲೇಬೇಕು. ಆದರೆ ಹುಡುಗನನ್ನು ಇರಿಸಿಕೊಳ್ಳಲು ಆಗುವುದಿಲ್ಲ, ದೊಡ್ಡವನಾದ ಎಂದರು. ಅವನು ನಮ್ಮ ಮನೆಯಲ್ಲಿದ್ದಾನೆ. ನಾಳೆಗೆ ಐದು ದಿನ ಮುಗಿಯುತ್ತದೆ. ಅಲ್ಲಿರಬಹುದಾದದ್ದು ಅಷ್ಟೇ.

ತವರಿನಲ್ಲಿ ಅಣ್ಣ ಇದ್ದಾನೆ. ಫೋನ್ ಮಾಡಿದೆ. "ಬರಲಿ ಮೇಡಂ, ಎರಡು ದಿನ ಇರಲಿ. ಆಮೇಲೆ ನಾನೇ ಕರೆದುಕೊಂಡು ಹೋಗಿ ಗಂಡನ ಮನೆಗೆ ಬಿಟ್ಟು ಬರುತ್ತೇನೆ" ಎಂದ. ಒಳ್ಳೆಯ ದನಿಯಲ್ಲೇ ಹೇಳಿದ. ಅದಕ್ಕೇ ಹೆಚ್ಚು ಭಯವಾಯಿತು.

ಆಕೆ ಮಾಡುವ ಕೆಲಸ [ವಿವರ ಅಳಿಸಲಾಗಿದೆ – ನಿರ್ವಾಹಕಿ]. ಓದು ಏಳನೇ ತರಗತಿ. ಆರನೆಯ ದಿನ ಈ ಮೂವರನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಗೊತ್ತಿದ್ದವರು ಹೇಳಿ.


ಹಳೆಯ ಸಾಂತ್ವನ · ಮಂಗಳವಾರ, ಬೆಳಿಗ್ಗೆ 5:50

ಟೀಚರ್, ನಾನು ಹನ್ನೊಂದು ವರ್ಷ ಸಾಂತ್ವನ ಕೇಂದ್ರವೊಂದರಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ಮೊದಲು ಇವತ್ತು ಮಾಡಬೇಕಾದ ಕೆಲಸ. ಸಖಿಯ ಆಡಳಿತಾಧಿಕಾರಿಯ ಬಳಿ ಹೋಗಿ, ಆಕೆಯನ್ನು ದೀರ್ಘಾವಧಿಯ ವಸತಿಗೆ ಸೇರಿಸಲು ಪತ್ರ ಬರೆದುಕೊಡಿ ಎಂದು ಕೇಳಿ. ಬಾಯಿಮಾತಿನಲ್ಲಿ ಬಿಡಬೇಡಿ, ಪತ್ರವೇ ಬೇಕು. ಮೊದಲು ಸ್ವಾಧಾರ ಗೃಹ ಎನ್ನುತ್ತಿದ್ದೆವು. 2022ರಲ್ಲಿ ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಬಂದ ಮೇಲೆ ಸ್ವಾಧಾರ ಮತ್ತು ಕಳ್ಳಸಾಗಣೆಗೆ ಒಳಗಾದವರಿಗಾಗಿ ಇದ್ದ ಉಜ್ವಲಾ ಎರಡನ್ನೂ ಸೇರಿಸಿ ಶಕ್ತಿ ಸದನ ಎಂದು ಹೆಸರಿಟ್ಟರು. ಇದಲ್ಲದೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೇ ನಡೆಸುವ ರಾಜ್ಯ ಮಹಿಳಾ ನಿಲಯಗಳಿವೆ. ಮೈಸೂರು, ಹುಬ್ಬಳ್ಳಿ, ಉಡುಪಿಯಲ್ಲೆಲ್ಲ ಇವೆ. ಅಲ್ಲಿ ತಿಂಗಳುಗಟ್ಟಲೆ ಇರಬಹುದು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 6ನೇ ಕಲಂ ಪ್ರಕಾರ ನೊಂದ ಮಹಿಳೆಯಾಗಲಿ, ಆಕೆಯ ಪರವಾಗಿ ಈ ಕಾಯ್ದೆಗೆಂದೇ ಸರ್ಕಾರ ನೇಮಿಸಿದ ಸಂರಕ್ಷಣಾಧಿಕಾರಿಯಾಗಲಿ ಕೇಳಿದರೆ ಆಶ್ರಯಧಾಮದ ಉಸ್ತುವಾರಿ ಹೊತ್ತವರು ಜಾಗ ಕೊಡಲೇಬೇಕು. ಆ ಕಲಮಿನ ಸಂಖ್ಯೆಯನ್ನು ಮೆಲ್ಲಗೆ ಒಮ್ಮೆ ಹೇಳಿ. ಕೆಲಸ ಮಾಡುತ್ತದೆ.

ಐದು ದಿನದ ಮಿತಿ ಅಲ್ಲಿಯವರು ಮನಸ್ಸಿಗೆ ಬಂದಂತೆ ಹೇಳಿದ್ದಲ್ಲ. 2015ರಲ್ಲಿ ಸಖಿ ಶುರುವಾದದ್ದೇ ಡಾಕ್ಟರು, ಪೊಲೀಸರು, ವಕೀಲರು, ಸಮಾಲೋಚಕರು ಒಂದೇ ಕಡೆ ಸಿಗಲಿ ಎಂದು. ಅಲ್ಲಿರುವ ಹಾಸಿಗೆ ತುರ್ತಿನದು. ತಪ್ಪಿರುವುದು ಸಖಿಯಲ್ಲಿ ಅಲ್ಲ, ಸಖಿಯ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಇರುವ ದಾರಿಯಲ್ಲಿ. ಆ ದಾರಿಯಲ್ಲಿ ಕೈಹಿಡಿದು ನಡೆಸುವ ಹುದ್ದೆಯೇ ಇಲ್ಲ. ನನ್ನ ಹನ್ನೊಂದು ವರ್ಷದಲ್ಲಿ ನಾವು ಕಳೆದುಕೊಂಡ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರನ್ನು ಕಳೆದುಕೊಂಡದ್ದು ಮೊದಲ ರಾತ್ರಿಯಲ್ಲಲ್ಲ, ಆರನೆಯ ದಿನ.

ಅಣ್ಣನ ವಿಷಯ. ಅವನನ್ನು ಕೆಟ್ಟವನೆಂದು ಬಗೆಯಬೇಡಿ, ನಂಬಲೂ ಬೇಡಿ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯನ್ನು ಅವನೇನೂ ಕಟ್ಟಿದವನಲ್ಲ. ನಮ್ಮ ಕೇಂದ್ರಕ್ಕೆ ಶ್ರಾವಣದಲ್ಲಿ ಜನ ಹೆಚ್ಚು ಬರುತ್ತಿದ್ದರು. ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ಕರೆತರುತ್ತಾನೆ, ಉಂಡಿ ಕಟ್ಟುತ್ತಾರೆ, ಜೋಕಾಲಿ ಆಡುತ್ತಾರೆ. ಎಣ್ಣೆ ಹಚ್ಚಿ ಎರೆಯುವಾಗ ಮಗಳ ಬೆನ್ನಿನ ಮೇಲಿನ ಬಾಸುಂಡೆ ತಾಯಿಗೆ ಕಾಣುತ್ತದೆ. ತಾಯಿ ಅಳುತ್ತಾಳೆ. ಆಮೇಲೆ ಅದೇ ಅಣ್ಣ ಅದೇ ಬಸ್ಸಿನಲ್ಲಿ ವಾಪಸು ಬಿಟ್ಟು ಬರುತ್ತಾನೆ, ಈ ಸಲ ಒಂದು ಹೊಸ ಸೀರೆಯೂ ಜೊತೆಗಿರುತ್ತದೆ. ದಾರಿಯಲ್ಲಿ ನಮ್ಮ ಕೇಂದ್ರದ ಫಲಕ ಕಂಡು ಇಳಿದವರು ಕೆಲವರಿದ್ದರು.


ನಿವೃತ್ತ ತಹಶೀಲ್ದಾರ · ಮಂಗಳವಾರ, ಬೆಳಿಗ್ಗೆ 8:15

ಎಲ್ಲರೂ ಒಂದೇ ಕಡೆಯ ಮಾತು ಕೇಳಿ ಓಡುತ್ತಿದ್ದೀರಿ. ಗಂಡನನ್ನು ಕೇಳಿದವರು ಯಾರು? ಮೂವತ್ತನಾಲ್ಕು ವರ್ಷ ಸರ್ಕಾರಿ ಸೇವೆಯಲ್ಲಿ ನೋಡಿದ್ದೇನೆ. ಮನೆ ಒಡೆಯುವುದು ಸುಲಭ, ಕೂಡಿಸುವುದು ಕಷ್ಟ. ವರದಕ್ಷಿಣೆ ಕಾಯ್ದೆಯಲ್ಲಿ ಸುಳ್ಳು ಕೇಸು ಹಾಕಿ ವಯಸ್ಸಾದ ಅತ್ತೆ ಮಾವಂದಿರನ್ನು ಠಾಣೆಗೆ ಎಳೆದದ್ದನ್ನೂ ಕಣ್ಣಾರೆ ಕಂಡಿದ್ದೇನೆ. ಊರ ಹಿರಿಯರನ್ನು ಕೂರಿಸಿ ಮಾತನಾಡಿಸಬಾರದೇ?


ಎಂಟನೇ ತರಗತಿ ಟೀಚರ್ · ಮಂಗಳವಾರ, ಬೆಳಿಗ್ಗೆ 8:40

ಸರ್, ಊರ ಹಿರಿಯರು ಎರಡು ಸಲ ಕುಳಿತಿದ್ದಾರೆ. ಎರಡನೆಯ ಸಲ ಗಂಡನಿಗೆ ದಂಡ ಹಾಕಿದ್ದರು. ಆ ದಂಡದ ದುಡ್ಡನ್ನು ಅವನು ಆಕೆಯ ಕಿವಿಯೋಲೆ ಅಡವಿಟ್ಟು ಕಟ್ಟಿದ. ಈಗ ಓಲೆಯೂ ಇಲ್ಲ, ಆ ಕಿವಿಯೂ ಕೇಳುತ್ತಿಲ್ಲ. ನನಗೆ ಎಂಟೂವರೆಗೆ ವಿಶೇಷ ತರಗತಿ ಇದೆ, ಆಗಲೇ ತಡವಾಗಿದೆ.


ಕರಿಕೋಟು · ಮಂಗಳವಾರ, ಮಧ್ಯಾಹ್ನ 1:30

ಧಾರವಾಡದಲ್ಲಿ ವಕೀಲಿ ಮಾಡುತ್ತೇನೆ. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ತಹಶೀಲ್ದಾರ್ ಸಾಹೇಬರು ಎರಡು ಕಾನೂನುಗಳನ್ನು ಒಂದೇ ಗಂಟು ಕಟ್ಟಿದ್ದಾರೆ. ಅವರು ಹೇಳುತ್ತಿರುವುದು ಹಳೆಯ 498-ಎ, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಅದು ಕ್ರಿಮಿನಲ್. ಅಲ್ಲಿಯೂ ಕಂಡಕಂಡವರನ್ನು ಬಂಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ನಾವು ಇಲ್ಲಿ ಮಾತನಾಡುತ್ತಿರುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ. ಇದರಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಜೈಲಿಗೆ ಹೋಗುವುದಿಲ್ಲ. ಹೊಡೆಯಬೇಡ, ಹತ್ತಿರ ಬರಬೇಡ, ಮನೆಯಿಂದ ಹೊರಹಾಕಬೇಡ, ಖರ್ಚಿಗೆ ಕೊಡು ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡುತ್ತಾರೆ. ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಟೀಚರ್, ಆಶ್ರಯ ಹುಡುಕುವ ಗಡಿಬಿಡಿಯಲ್ಲಿ ಒಂದು ಪ್ರಶ್ನೆ ಹಿಂದೆ ಉಳಿದಿದೆ. ಹೊಡೆದವನು ಮನೆಯಲ್ಲಿ, ಹೊಡೆಸಿಕೊಂಡವಳು ಬೀದಿಯಲ್ಲಿ, ಇದು ಯಾವ ಲೆಕ್ಕ? ಕಾಯ್ದೆಯ 17ನೇ ಕಲಂ ಆಕೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ, ಪತ್ರ ಯಾರ ಹೆಸರಿನಲ್ಲೇ ಇರಲಿ. ಮನೆ ಅತ್ತೆಯ ಹೆಸರಿನಲ್ಲಿದ್ದರೆ ಸೊಸೆಗೆ ಹಕ್ಕಿಲ್ಲ ಎಂದು 2006ರ ಒಂದು ತೀರ್ಪು ಬಾಗಿಲು ಮುಚ್ಚಿತ್ತು. 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮತ್ತೆ ತೆರೆಯಿತು. 19ನೇ ಕಲಂ ಅಡಿಯಲ್ಲಿ ಗಂಡನೇ ಹೊರಗೆ ಹೋಗಲಿ ಎಂದು ಆದೇಶಿಸಬಹುದು.

ಇದನ್ನೆಲ್ಲ ನ್ಯಾಯಾಲಯದಲ್ಲಿ ಗಟ್ಟಿಯಾಗಿಯೇ ವಾದಿಸುತ್ತೇನೆ. ಆದರೆ ಎಡಬಲದ ಎರಡೂ ಮನೆಗಳು ಮೈದುನಂದಿರದಾಗಿರುವ ಹಳ್ಳಿಯಲ್ಲಿ, ಆದೇಶದ ಪ್ರತಿಯನ್ನು ಹಿಡಿದುಕೊಂಡು ಆಕೆ ರಾತ್ರಿ ಹೇಗೆ ಮಲಗಬೇಕು? ಅದಕ್ಕೆ ನನ್ನ ಬಳಿ ಕಲಂ ಇಲ್ಲ. ಆದ್ದರಿಂದ ನನ್ನ ಕಕ್ಷಿದಾರರಿಗೆ ನಾನು ಹೇಳುವುದು 19ನೇ ಕಲಮಿನ ಮೊದಲ ಉಪಕಲಂನ ಕೊನೆಯ ಖಂಡ, 19(1)(ಎಫ್). ಗಂಡ ಅದೇ ಮಟ್ಟದ ಬೇರೆ ಮನೆ ಮಾಡಿಕೊಡಬೇಕು, ಇಲ್ಲವೇ ಬಾಡಿಗೆ ಕಟ್ಟಬೇಕು. ಹೆಚ್ಚಿನ ಅರ್ಜಿಗಳಲ್ಲಿ ಜೀವನಾಂಶ ಕೇಳುತ್ತಾರೆ, ಬಾಡಿಗೆ ಕೇಳುವುದನ್ನು ಮರೆಯುತ್ತಾರೆ.

ಅರ್ಜಿ ಹಾಕಲು ಗಂಡನ ಊರಿಗೆ ಹೋಗಬೇಕಾಗಿಲ್ಲ. ಆಕೆ ತಾತ್ಕಾಲಿಕವಾಗಿ ಎಲ್ಲಿದ್ದಾಳೋ ಅಲ್ಲಿನ ನ್ಯಾಯಾಲಯವೇ ಸಾಕು, 27ನೇ ಕಲಂ. ಮೊದಲು ಫಾರಂ 1, ಅದು ಕೌಟುಂಬಿಕ ಘಟನಾ ವರದಿ. ಅದನ್ನು ಸಂರಕ್ಷಣಾಧಿಕಾರಿ ಬರೆಯಬೇಕು. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ತಲೆಯ ಮೇಲಿದೆ. ಅಂಗನವಾಡಿಯ ಮೊಟ್ಟೆ, ತೂಕದ ಯಂತ್ರ, ಕಟ್ಟಡದ ಸುಣ್ಣಬಣ್ಣ ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಅವರು ಸಂರಕ್ಷಣಾಧಿಕಾರಿ. ಎಲ್ಲ ರಾಜ್ಯಗಳೂ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಈ ಅಧಿಕಾರಿಗಳನ್ನು ಗುರುತಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ಹೇಳಬೇಕಾಯಿತು. ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಲೆಕ್ಕ ನೀವೇ ಹಾಕಿ.

ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ಇತ್ಯರ್ಥಕ್ಕೆ ಯತ್ನ ಎಂದು ಕಾಯ್ದೆ ಹೇಳುತ್ತದೆ. ಇದನ್ನು ಓದಿ ಹೇಳಿದರೆ ನಮ್ಮ ಕೋರ್ಟಿನ ಕಟ್ಟೆಯ ಮೇಲೆ ಕುಳಿತವರು ನಗುತ್ತಾರೆ. ಆದರೂ 23ನೇ ಕಲಂ ಅಡಿಯಲ್ಲಿ ಮಧ್ಯಂತರ ಆದೇಶ ಕೇಳಿ, ಫಾರಂ 3ರಲ್ಲಿ ಪ್ರಮಾಣಪತ್ರ (ಅಫಿಡವಿಟ್) ಸೇರಿಸಿ. ಆಸ್ಪತ್ರೆಯ ಎಂಎಲ್‌ಸಿ, ಅಂದರೆ ಕಾನೂನು ಪ್ರಕರಣಕ್ಕಾಗಿ ಗಾಯವನ್ನು ದಾಖಲಿಸಿದ ವೈದ್ಯಕೀಯ ವರದಿಯ ಪ್ರತಿ ಕಡ್ಡಾಯವಾಗಿ ಇಟ್ಟುಕೊಳ್ಳಿ, ಹಳೆಯ ಮುಚ್ಚಳಿಕೆಗಳ ಪ್ರತಿಯನ್ನೂ ಠಾಣೆಯಿಂದ ಕೇಳಿ ಪಡೆಯಿರಿ. "ರಾಜಿ" ಎಂದು ಬರೆಸಿಕೊಂಡ ಆ ಹಾಳೆಗಳೇ ಈಗ ಆಕೆಯ ಸಾಕ್ಷ್ಯ. ವಕೀಲರಿಗೆ ದುಡ್ಡು ಕೊಡಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಸಹಾಯವಾಣಿ 15100.


ಕಡಲ ತಡಿ · ಮಂಗಳವಾರ, ಮಧ್ಯಾಹ್ನ 2:05

ತವರಿನ ಮಾತು ಓದಿ ನನ್ನ ಅಜ್ಜಿಯ ನೆನಪಾಯಿತು. ನಮ್ಮದು ಹಿಂದೆ ಅಳಿಯಸಂತಾನ ಕಟ್ಟಿನ ಕುಟುಂಬ, ಅಂದರೆ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುವಂಥದ್ದು. ಗಂಡನ ಜೊತೆ ಸರಿಹೋಗದೆ ಅಜ್ಜಿ ಇಬ್ಬರು ಮಕ್ಕಳೊಂದಿಗೆ ಕುಟುಂಬದ ಮನೆಗೆ ಬಂದಾಗ ಯಾರೂ ಎಷ್ಟು ದಿನ ಎಂದು ಕೇಳಲಿಲ್ಲವಂತೆ. ಅದು ಅವರದೇ ಮನೆ. ಅದಕ್ಕೆ ತವರು ಎಂಬ ಹೆಸರೂ ಬೇಕಿರಲಿಲ್ಲ. ಹಾಗೆಂದು ಆ ಕಾಲವನ್ನು ಹೊಗಳುತ್ತಿಲ್ಲ, ಯಜಮಾನಿಕೆಯೆಲ್ಲ ಸೋದರಮಾವಂದಿರ ಕೈಯಲ್ಲೇ ಇತ್ತು. ಆದರೆ ಬಾಗಿಲು ತೆರೆದಿತ್ತು.

ಅಂದಹಾಗೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ವಿವಾಹಿತ ಮಹಿಳೆಯರ ಪ್ರಮಾಣ ಇಡೀ ದೇಶದಲ್ಲಿ ಕರ್ನಾಟಕದಲ್ಲೇ ಹೆಚ್ಚು, ಶೇ 44.4. ಹಿಂದಿನ ಸಮೀಕ್ಷೆಯಲ್ಲಿ ಶೇ 20.6 ಇತ್ತು. ನಾಲ್ಕೈದು ವರ್ಷದಲ್ಲಿ ನಮ್ಮ ಗಂಡಸರು ಎರಡು ಪಟ್ಟು ಕೆಟ್ಟರು ಎಂದು ನನಗೆ ಅನ್ನಿಸುವುದಿಲ್ಲ. ಹಿಂದಿನ ಸಲ ಬಾಯಿಬಿಡದವರು ಈ ಸಲ ಹೇಳಿರಬಹುದು. ಹಾಗಿದ್ದರೆ ಹೇಳಿಕೊಂಡವರಿಗೆ ನಾವು ಏನು ಕೊಟ್ಟೆವು?


ಒಬ್ಬ ಮಗ · ಮಂಗಳವಾರ, ರಾತ್ರಿ 9:10

ಹುಡುಗನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ.

ನನ್ನ ಅಮ್ಮ ಮನೆ ಬಿಟ್ಟಾಗ ನಾನು ಅವನಿಗಿಂತ ಒಂದು ವರ್ಷ ದೊಡ್ಡವನು. ಅಮ್ಮ ಮತ್ತು ತಂಗಿಗೆ ಆಶ್ರಯ ಸಿಕ್ಕಿತು. ನನ್ನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ ಬಾಲಕರ ಬಾಲಮಂದಿರಕ್ಕೆ ಕಳುಹಿಸಿದರು. ನಿಯಮ ಏಕಿದೆ ಎಂದು ಈಗ ಅರ್ಥವಾಗುತ್ತದೆ. ಗಂಡಸರಿಂದ ಹೆದರಿ ಬಂದವರ ನಡುವೆ ಮೀಸೆ ಮೂಡುವ ಹುಡುಗ ಇರಬಾರದು ಎನ್ನುವುದು ಅದರ ಹಿಂದಿನ ಮಾತು. ಆದರೆ ಆ ವಯಸ್ಸಿನಲ್ಲಿ ನನಗೆ ಅರ್ಥವಾದದ್ದು ಒಂದೇ, ಇವರು ನನ್ನನ್ನು ಅಪ್ಪನ ಸಾಲಿಗೆ ಸೇರಿಸಿದರು. ಅಪ್ಪ ಅಮ್ಮನ ಜುಟ್ಟು ಹಿಡಿದಾಗ ಮಧ್ಯೆ ಹೋಗಿ ನಿಲ್ಲುತ್ತಿದ್ದವನು ನಾನು.

ನಾಲ್ಕು ತಿಂಗಳಾದ ಮೇಲೆ ಅಮ್ಮ ಅಪ್ಪನ ಮನೆಗೆ ಹಿಂತಿರುಗಿದರು. ಅಪ್ಪ ಬದಲಾಗಿರಲಿಲ್ಲ, ಬದಲಾಗುತ್ತೇನೆಂದು ಹೇಳಿಯೂ ಇರಲಿಲ್ಲ. ಅಮ್ಮ ಹೋದದ್ದು ನನ್ನನ್ನು ಬಾಲಮಂದಿರದಿಂದ ಬಿಡಿಸಿಕೊಳ್ಳಲು. ಕಡತದಲ್ಲಿ "ದಂಪತಿ ರಾಜಿಯಾಗಿದ್ದಾರೆ" ಎಂದು ಬರೆದಿರುತ್ತಾರೆ.

ಟೀಚರ್, ಅವನನ್ನು ನಿಮ್ಮ ಮನೆಯಲ್ಲೇ ಇನ್ನಷ್ಟು ದಿನ ಇಟ್ಟುಕೊಳ್ಳಲು ಆಗುವುದಾದರೆ ಇಟ್ಟುಕೊಳ್ಳಿ. ಆಗದಿದ್ದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ನಿಲಯ ನೋಡಿ, ತಾಯಿ ಇರುವ ಊರಿನಲ್ಲೇ ಸಿಗುವಂತೆ. ಹಾಸ್ಟೆಲ್ ಹುಡುಗ ಎನ್ನಿಸಿಕೊಳ್ಳುವುದು ಬೇರೆ, ಬಾಲಮಂದಿರದವನು ಎನ್ನಿಸಿಕೊಳ್ಳುವುದು ಬೇರೆ. ಭಾನುವಾರ ತಂಗಿಯನ್ನು ನೋಡುವಂತಾಗಲಿ.


ನಿರ್ವಾಹಕಿ · ಮಂಗಳವಾರ, ರಾತ್ರಿ 9:45

ಒಂದು ಪ್ರತಿಕ್ರಿಯೆಯಲ್ಲಿ ಇದು ಯಾವ ಊರಿರಬಹುದೆಂದು ಊಹಿಸಿದ್ದರು. ತೆಗೆದುಹಾಕಿದ್ದೇನೆ. ಟೀಚರ್ ಬರಹದಲ್ಲಿದ್ದ ಕೆಲಸದ ವಿವರದಿಂದಲೂ ಊರು ಗೊತ್ತಾಗುವಂತಿತ್ತು, ಅದನ್ನೂ ಅಳಿಸಿದ್ದೇನೆ. ದಯವಿಟ್ಟು ಊಹೆ ಬೇಡ. ಹುಡುಕುತ್ತಿರುವವರಿಗೂ ಕನ್ನಡ ಓದಲು ಬರುತ್ತದೆ. ನೆರವು ಕೊಡುವವರು ನನಗೆ ಖಾಸಗಿ ಸಂದೇಶ ಕಳುಹಿಸಿ.

ಟೀಚರ್, ಆಕೆಯ ಮೊಬೈಲಿನ ಸಿಮ್ ಯಾರ ಹೆಸರಿನಲ್ಲಿದೆ? ಗೂಗಲ್ ಖಾತೆ ತೆರೆದುಕೊಟ್ಟವರು ಯಾರು? ಗಂಡ ತೆರೆದಿದ್ದರೆ ಅವನ ಫೋನಿನಲ್ಲೇ ಆಕೆ ಇರುವ ಜಾಗ ಕಾಣುತ್ತಿರಬಹುದು.


ಎಂಟನೇ ತರಗತಿ ಟೀಚರ್ · ಮಂಗಳವಾರ, ರಾತ್ರಿ 10:30

ಸಿಮ್ ಗಂಡನದೇ. ಈಗಲೇ ಸಖಿಗೆ ಫೋನ್ ಮಾಡಿ ಆಫ್ ಮಾಡಿಸಿದೆ. ಇದು ತಲೆಗೆ ಹೊಳೆದಿರಲೇ ಇಲ್ಲ.

ಇವತ್ತು ಶಾಲೆ ಬಿಟ್ಟ ಮೇಲೆ ಜಿಲ್ಲಾ ಕೇಂದ್ರಕ್ಕೆ ಹೋಗಿದ್ದೆ. ಹಳೆಯ ಸಾಂತ್ವನ ಮೇಡಂ ಹೇಳಿದಂತೆ ಪತ್ರ ಕೇಳಿದೆ. ಮೊದಲು, "ಅಲ್ಲಿ ಜಾಗವಿಲ್ಲವಂತೆ" ಎಂದರು. 6ನೇ ಕಲಂ ಎಂದೆ. ಅಲ್ಲಿನ ವಕೀಲೆ ನಕ್ಕು, "ಮೇಡಂ ಓದಿಕೊಂಡು ಬಂದಿದ್ದಾರೆ" ಎಂದು ತಾನೇ ಬರೆದುಕೊಟ್ಟರು. ನಾಳೆ ಬೆಳಿಗ್ಗೆ ಬೇರೆ ಜಿಲ್ಲೆಯ ಒಂದು ವಸತಿಗೆ ಕರೆದುಕೊಂಡು ಹೋಗುತ್ತಾರೆ. ತಾಯಿ ಮತ್ತು ಮಗಳು. ಹುಡುಗನಿಗೆ ಇನ್ನೂ ಹೇಳಿಲ್ಲ. ಈಗ ನಮ್ಮ ಮನೆಯವರ ಜೊತೆ ಕೇರಂ ಆಡುತ್ತಿದ್ದಾನೆ.


ರೊಟ್ಟಿ ಮನೆ · ಬುಧವಾರ, ಬೆಳಿಗ್ಗೆ 11:00

ಮೊದಲ ಪಾಳಿ ಮುಗಿಸಿ ಕುಳಿತಿದ್ದೇನೆ. ಅಷ್ಟೂ ಓದಿದೆ.

ಇಂಥದ್ದೇ ಒಂದು ವಸತಿಯಲ್ಲಿ ಹದಿನಾಲ್ಕು ತಿಂಗಳು ಇದ್ದೆ. ಏಳು ವರ್ಷದ ಹಿಂದಿನ ಮಾತು. ಆಕೆಗೆ ಅಲ್ಲಿ ಹೇಗಿರುತ್ತದೆಂದು ಯಾರಾದರೂ ಮೊದಲೇ ಹೇಳಿದರೆ ಒಳ್ಳೆಯದು. ನನಗೆ ಯಾರೂ ಹೇಳಿರಲಿಲ್ಲ. ಗೇಟು ನೋಡಿ ಜೈಲು ಎಂದುಕೊಂಡಿದ್ದೆ. ಸಂಜೆ ಆರಕ್ಕೆ ಬೀಗ. ಹೆಸರು ಕೂಗಿ ಎಣಿಸುತ್ತಾರೆ. ಮೊಬೈಲನ್ನು ಕಚೇರಿಯಲ್ಲಿ ಇಟ್ಟುಕೊಳ್ಳುತ್ತಾರೆ. ಮೊದಲ ವಾರ ದೀಪ ಆರಿಸಿದರೆ ನಿದ್ದೆ ಬರುತ್ತಿರಲಿಲ್ಲ, ದೀಪ ಹಚ್ಚಿದರೆ ಪಕ್ಕದವರಿಗೆ ಬರುತ್ತಿರಲಿಲ್ಲ. ಎರಡನೆಯ ವಾರ ಒಂದು ಬೆಳಿಗ್ಗೆ ಎದ್ದಾಗ ಗಂಟೆ ಏಳಾಗಿತ್ತು. ಮದುವೆಯಾದ ಮೇಲೆ ಏಳು ಗಂಟೆಯವರೆಗೆ ನಾನು ಮಲಗಿದ್ದು ಅದೇ ಮೊದಲು. ಬೀಗ ಹಾಕಿದ ಗೇಟಿನೊಳಗೆ ಹಾಗೆ ನಿದ್ದೆ ಬರುತ್ತದೆ ಎನ್ನುವುದನ್ನು ಹೊರಗಿನವರಿಗೆ ಹೇಗೆ ಹೇಳುವುದು?

ಸಂಜೆ ಟಿವಿಯಲ್ಲಿ ಧಾರಾವಾಹಿ. ಅತ್ತೆ ಸೊಸೆಯ ಕಾಲಿಗೆ ಎಣ್ಣೆ ಚೆಲ್ಲುವುದನ್ನು ಇಪ್ಪತ್ತು ಜನ ಕುಳಿತು ನೋಡುತ್ತಿದ್ದೆವು. "ಇಷ್ಟೇನಾ?" ಎಂದು ಒಬ್ಬಳು ಕೇಳಿದ್ದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದೆವು.

ಹೊಲಿಗೆ ಕಲಿಸಿದರು. ಎಲ್ಲ ಕಡೆ ಹೊಲಿಗೆಯೇ ಕಲಿಸುತ್ತಾರೆ. ಆರು ತಿಂಗಳು ಕಲಿತರೂ ನನಗೆ ಈಗಲೂ ರವಿಕೆಗೆ ತೋಳು ಕೂರಿಸಲು ಬರುವುದಿಲ್ಲ. ನನಗೆ ಬರುತ್ತಿದ್ದುದು ಜೋಳದ ರೊಟ್ಟಿ ಬಡಿಯುವುದು. ಖಾನಾವಳಿಯವರಿಗೆ ರೊಟ್ಟಿ ಬೇಕು, ಆದರೆ ನಸುಕಿನಲ್ಲೇ ಬೇಕು. ಗೇಟು ತೆರೆಯುವುದೇ ಏಳಕ್ಕೆ. ಅಲ್ಲಿನ ಮೇಲ್ವಿಚಾರಕಿ ಮೂರು ದಿನ ಯೋಚಿಸಿ, ನಾಲ್ಕನೆಯ ದಿನ ನಾಲ್ಕೂವರೆಗೆ ತಾವೇ ಎದ್ದು ಬಂದು ಬೀಗ ತೆಗೆದರು. ನಿಯಮ ಮುರಿದರು. ಅವರು ಮುರಿಯದಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆ ಎಂದು ಯೋಚಿಸಲೂ ಹೋಗುವುದಿಲ್ಲ. ಆಶ್ರಯ ಕೊಡುವವರು ಇದನ್ನು ಗಮನಿಸಬೇಕು. ಒಳಗೆ ಸುರಕ್ಷಿತವಾಗಿಡುವ ಬೀಗವೇ ದುಡಿಯಲು ಹೋಗದಂತೆ ತಡೆಯುತ್ತದೆ, ಆಮೇಲೆ ಅವಧಿ ಮುಗಿಯಿತು ಹೊರಡು ಎಂದರೆ ಕೈಯಲ್ಲಿ ಕಾಸಿರುವುದಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮನೆ ಬಿಟ್ಟ ಮೂರನೆಯ ವಾರ ನನ್ನನ್ನು ಹುಡುಕಿಕೊಂಡು ಬಂದದ್ದು ಗಂಡನಲ್ಲ, ಸಂಘದ ಕಂತು. ಸಾಲ ನನ್ನ ಹೆಸರಿನಲ್ಲಿತ್ತು, ದುಡ್ಡು ಅವನ ಬೈಕಿಗೆ ಹೋಗಿತ್ತು. ನಾನು ಕಟ್ಟದಿದ್ದರೆ ಗುಂಪಿನ ಉಳಿದ ಹೆಂಗಸರು ಕಟ್ಟಬೇಕು, ಅವರೂ ನನ್ನಂಥವರೇ. ಟೀಚರ್, ಆಕೆಗೆ ಎಷ್ಟು ಸಂಘದ ಸಾಲವಿದೆ ಎಂದು ಈಗಲೇ ಕೇಳಿ. ಗುಂಪಿನ ಪ್ರತಿನಿಧಿಗೆ ನೀವೇ ಫೋನ್ ಮಾಡಿ ಮೂರು ತಿಂಗಳು ಸಮಯ ಕೇಳಿ. ಊರು ಹೇಳಬೇಡಿ.

ಹೊರಗೆ ಬಂದಾಗ ನಾಲ್ಕು ಮನೆಯವರು ಬಾಡಿಗೆ ಕೊಡಲಿಲ್ಲ. ಮೂವರು "ಮನೆಯವರು ಎಲ್ಲಿ ಕೆಲಸ ಮಾಡುತ್ತಾರೆ?" ಎಂದು ಕೇಳಿದರು. ನಾಲ್ಕನೆಯವರು ಏನೂ ಕೇಳದೆ ನನ್ನ ಕೊರಳು ನೋಡಿದರು. ಐದನೆಯ ಮನೆಯ ಅಜ್ಜಿ, "ರೊಟ್ಟಿ ಬಡಿಯುವ ಸದ್ದು ನಸುಕಿನಲ್ಲಿ ಬರುತ್ತದೆಯೇನು?" ಎಂದು ಕೇಳಿದರು. ಬರುತ್ತದೆ ಎಂದೆ. "ಬರಲಿ, ನನಗೂ ನಿದ್ದೆ ಬರುವುದಿಲ್ಲ" ಎಂದರು.

ಈಗ ನಾವು ನಾಲ್ವರಿದ್ದೇವೆ. ದಿನಕ್ಕೆ ಆರುನೂರು ರೊಟ್ಟಿ, ಮದುವೆಯ ದಿನಗಳಲ್ಲಿ ಸಾವಿರ ದಾಟುತ್ತದೆ. ಐದನೆಯವಳಿಗೆ ಕೆಲಸವಿದೆ. ಸುಮ್ಮನೆ ಉಪಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಕೈ ಸಾಲುತ್ತಿಲ್ಲ.


ಎಡಿಸನ್ ಕನ್ನಡತಿ · ಬುಧವಾರ, ಸಂಜೆ 6:20 (ನಮಗೆ ಬೆಳಿಗ್ಗೆ)

ನ್ಯೂಜೆರ್ಸಿಯಿಂದ. ದೂರದ ಮಾತೆಂದು ಬಿಡಬೇಡಿ, ಇಲ್ಲಿಯೂ ಕನ್ನಡದ ಮನೆಗಳಲ್ಲಿ ಇದೇ ನಡೆಯುತ್ತದೆ. ಮನೆಗೆ ಎರಡು ಕಾರಿರುತ್ತವೆ, ಅಷ್ಟೇ ವ್ಯತ್ಯಾಸ. ಗಂಡನ ವೀಸಾದ ಬಾಲ ಹಿಡಿದು ಎಚ್-4ರಲ್ಲಿ ಬಂದವಳಿಗೆ ಕೆಲಸ ಮಾಡುವ ಅನುಮತಿ ಇಲ್ಲದಿದ್ದರೆ ಕೈಯಲ್ಲಿ ಕಾಸಿಲ್ಲ, ಪಾಸ್‌ಪೋರ್ಟ್ ಅವನ ಲಾಕರಿನಲ್ಲಿ. ದೌರ್ಜನ್ಯಕ್ಕೊಳಗಾದ ಎಚ್-4 ಪತ್ನಿಯರು ಕೆಲಸದ ಅನುಮತಿಗೆ ಪ್ರತ್ಯೇಕವಾಗಿ ಅರ್ಜಿ ಹಾಕಲು ಅವಕಾಶವಿದೆ, ಇದು ಅನೇಕರಿಗೆ ಗೊತ್ತಿಲ್ಲ. ನಮ್ಮ ರಾಜ್ಯದಲ್ಲಿ 1985ರಿಂದ ಮಾನವಿ ಎಂಬ ಸಂಸ್ಥೆ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಕೆಲಸ ಮಾಡುತ್ತಿದೆ. ನಾನು ಅಂಥ ಕಡೆ ಅನುವಾದಕ್ಕೆ ಹೋಗುತ್ತಿರುತ್ತೇನೆ. ಅಳುವಾಗ ಇಂಗ್ಲಿಷ್ ಬರುವುದಿಲ್ಲ, ಕನ್ನಡವೇ ಬೇಕಾಗುತ್ತದೆ.

ಒಂದು ಸಲ ಹೀಗೆ ಹೊರಬಂದ ಹುಡುಗಿ ದಾವಣಗೆರೆ ಕಡೆಯ ತಾಯಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲಿದ್ದೆ. ತಾಯಿ ಹೇಳಿದ್ದು, "ಎರಡು ದಿನ ಬಂದು ಇದ್ದು ಹೋಗು." ಹದಿಮೂರು ಸಾವಿರ ಕಿಲೋಮೀಟರ್ ದೂರದಿಂದ ಎರಡು ದಿನಕ್ಕೆ! ಟೀಚರ್ ಬರೆದ ಅಣ್ಣನ ಮಾತು ಓದಿ ಕೈ ನಡುಗಿತು.


ನಿವೃತ್ತ ತಹಶೀಲ್ದಾರ · ಬುಧವಾರ, ರಾತ್ರಿ 8:00

ಟೀಚರಮ್ಮ, ಕಿವಿಯೋಲೆಯ ವಿಷಯ ಓದಿದ ಮೇಲೆ ನಿನ್ನೆಯ ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ. ಸುಳ್ಳು ಕೇಸುಗಳಿವೆ ಎಂಬ ಮಾತಿಗೆ ಈಗಲೂ ಬದ್ಧ. ಆದರೆ ಇದು ಅದಲ್ಲ.

ನನಗೆ ಗೊತ್ತಿರುವ ವಿದ್ಯೆ ಕಾಗದಪತ್ರ. ಅದನ್ನು ಹೇಳುತ್ತೇನೆ. ಆಕೆಯ ಮತ್ತು ಮಕ್ಕಳ ಹೆಸರು ಗಂಡನ ಮನೆಯ ಪಡಿತರ ಚೀಟಿಯಲ್ಲಿರುತ್ತದೆ. ಅಲ್ಲಿಂದ ತೆಗೆಸದೆ ಬೇರೆ ಚೀಟಿ ಆಗುವುದಿಲ್ಲ. ಹೊಸ ಚೀಟಿಗೆ ಅರ್ಜಿ ಪಡೆಯುವ ಕಿಂಡಿ ಸದಾ ತೆರೆದಿರುವುದಿಲ್ಲ, ಆದ್ದರಿಂದ ಹೆಸರು ತೆಗೆಸುವ ಕೆಲಸವನ್ನು ಮೊದಲೇ ಮುಗಿಸಿಟ್ಟುಕೊಳ್ಳಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಚೀಟಿಯಲ್ಲಿ ಯಜಮಾನಿ ಎಂದು ಬರೆದವರಿಗೆ ಹೋಗುತ್ತದೆ, ಅಂದರೆ ಈಗ ಬಹುಶಃ ಅತ್ತೆಗೆ. ಆಧಾರ್ ಕಾರ್ಡು ಗಂಡನ ಬಳಿ ಉಳಿದರೆ ಚಿಂತೆಯಿಲ್ಲ, ಬೆರಳಚ್ಚು ಕೊಟ್ಟರೆ ಸೇವಾ ಕೇಂದ್ರದಲ್ಲಿ ಸಂಖ್ಯೆ ಸಿಗುತ್ತದೆ. ಮಗಳ ಶಾಲೆಗೆ ವರ್ಗಾವಣೆ ಪತ್ರ ತಡವಾದರೂ ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ. ಇದು ನಿಮಗೇ ಗೊತ್ತಿರುತ್ತದೆ.

ಇನ್ನು ಆ ಅಣ್ಣ. ತಂಗಿಯಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡಿದ್ದಾನೆಯೇ ಎಂದು ವಿಚಾರಿಸಿ. ಪಿತ್ರಾರ್ಜಿತ ಜಮೀನಿನಲ್ಲಿ ಮಗಳಿಗೆ ಹುಟ್ಟಿನಿಂದಲೇ ಪಾಲಿದೆ. 2005ರ ತಿದ್ದುಪಡಿಯ ಬಗ್ಗೆ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟವಾಗಿ ಹೇಳಿದೆ. ಸಹಿ ಹಾಕಿ ನೋಂದಣಿಯಾಗಿದ್ದರೆ ಅಲುಗಾಡಿಸುವುದು ಕಷ್ಟ. ಹಾಕಿಲ್ಲದಿದ್ದರೆ ಯಾರು ಕೇಳಿದರೂ ಹಾಕದಿರಲಿ. ನನ್ನ ಸೇವಾವಧಿಯಲ್ಲಿ ಎಷ್ಟು ಹೆಣ್ಣುಮಕ್ಕಳು ಒಂದು ಸೀರೆಗೆ, ಒಂದು ಹೋಳಿಗೆ ಊಟಕ್ಕೆ ಹೆಬ್ಬೆಟ್ಟು ಒತ್ತಿ ಹೋದರೋ ಲೆಕ್ಕವಿಲ್ಲ. ಆಗ ನಾನೂ ಏನೂ ಹೇಳಲಿಲ್ಲ.


ಹಳೆಯ ಸಾಂತ್ವನ · ಬುಧವಾರ, ರಾತ್ರಿ 8:25

ತಹಶೀಲ್ದಾರ್ ಸರ್, ನಮಸ್ಕಾರ.

ಟೀಚರ್, ಒಂದು ಮಾತು ಮುಂಚಿತವಾಗಿ. ಆಕೆ ವಾಪಸು ಹೋಗಬಹುದು. ಹೋದರೆ ಬೈಯಬೇಡಿ, "ಇಷ್ಟು ಮಾಡಿದೆ" ಎಂದು ಹೇಳಬೇಡಿ. ನಿಮ್ಮ ನಂಬರನ್ನು ಮಗನ ಪುಸ್ತಕದ ಹಿಂದೆ ಬರೆದಿಡಿ.


ಎಂಟನೇ ತರಗತಿ ಟೀಚರ್ · ಮೂರು ವಾರಗಳ ನಂತರ, ಭಾನುವಾರ, ಸಂಜೆ 5:00

ಬರೆಯಲು ತಡವಾಯಿತು, ಕ್ಷಮಿಸಿ.

ತಾಯಿ ಮಗಳು ವಸತಿಯಲ್ಲಿದ್ದಾರೆ. ಮಗಳು ಅಲ್ಲಿನ ಶಾಲೆಗೆ ಹೋಗುತ್ತಿದ್ದಾಳೆ. ವರ್ಗಾವಣೆ ಪತ್ರ ಇನ್ನೂ ಬಂದಿಲ್ಲ, ಆದರೂ ಸೇರಿಸಿಕೊಂಡರು. ಘಟನಾ ವರದಿ ಬರೆಸಲು ನಾಲ್ಕು ಸಲ ಓಡಾಡಬೇಕಾಯಿತು. ಅಧಿಕಾರಿ ಒಮ್ಮೆ ಸಭೆಯಲ್ಲಿದ್ದರು, ಒಮ್ಮೆ ರಜೆಯಲ್ಲಿದ್ದರು, ಒಮ್ಮೆ ಫಾರಂ ಇರಲಿಲ್ಲ. ಕಾನೂನು ನೆರವಿನ ವಕೀಲರು ಸಿಕ್ಕಿದ್ದಾರೆ. ಬಾಡಿಗೆಯನ್ನೂ ಕೇಳಿದ್ದೇವೆ. ಮುಂದಿನ ದಿನಾಂಕ 18. ಗಂಡನಿಗೆ ನೋಟಿಸ್ ಮುಟ್ಟಿದ ಮಾರನೆಯ ದಿನ ಅವನು ಶಾಲೆಯ ಗೇಟಿಗೆ ಬಂದಿದ್ದ. ಮುಖ್ಯೋಪಾಧ್ಯಾಯರು 112ಕ್ಕೆ ಕರೆ ಮಾಡಿದರು. ಆ ದಿನದಿಂದ ಹುಡುಗ ಮಧ್ಯಾಹ್ನ ಊಟಕ್ಕೆ ಅಂಗಳಕ್ಕೆ ಬರುತ್ತಿಲ್ಲ, ತರಗತಿಯಲ್ಲೇ ಕುಳಿತು ತಿನ್ನುತ್ತಾನೆ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ತಾಯಿಯ ಊರಿನ ಹಾಸ್ಟೆಲಿಗೆ ಸೇರಿಸುವುದೆಂದು ಆಗಿದೆ. ಅಲ್ಲಿಯವರೆಗೆ ನಮ್ಮಲ್ಲೇ ಇರುತ್ತಾನೆ. ಎರಡು ಭಾನುವಾರ ಹೋಗಿ ಬಂದ.

ಅಣ್ಣನಿಗೆ ಬಿಡುಗಡೆ ಪತ್ರ ಹತ್ತು ವರ್ಷದ ಹಿಂದೆಯೇ ಆಗಿಹೋಗಿದೆ, ತಹಶೀಲ್ದಾರ್ ಸರ್. ಸೀರೆಗೂ ಅಲ್ಲ. ಸುಮ್ಮನೆ ಹಾಕಿದಳಂತೆ.

ರೊಟ್ಟಿ ಮನೆ ಅಕ್ಕನ ಜೊತೆ ಆಕೆ ಎರಡು ಸಲ ಮಾತನಾಡಿದ್ದಾಳೆ. ಮುಂದಿನ ತಿಂಗಳು ಒಂದು ಕೋಣೆ ನೋಡುವುದು ಎಂದಾಗಿದೆ. ವಸತಿಯವರು ಇನ್ನೂ ಇರಬಹುದು ಎನ್ನುತ್ತಾರೆ, ಆದರೆ ಆಕೆಗೆ ಮಗ ಜೊತೆಗಿರಬೇಕು, ಆ ಗೇಟಿನೊಳಗೆ ಅದು ಆಗುವುದಿಲ್ಲ. ಪಾತ್ರೆ, ಚಾಪೆ ಶಾಲೆಯ ಸಹೋದ್ಯೋಗಿಗಳು ಕೊಟ್ಟಿದ್ದಾರೆ. ಯಾರ ಮನೆಯಲ್ಲಾದರೂ ಬಳಸದೆ ಇಟ್ಟಿರುವ ಗ್ಯಾಸ್ ಒಲೆ ಇದೆಯೇ?


ನಿವೃತ್ತ ತಹಶೀಲ್ದಾರ · ಭಾನುವಾರ, ಸಂಜೆ 5:12

ಎರಡು ಬರ್ನರಿನದು ಇದೆ. ಒಂದರ ಗುಬುಟು ಸಡಿಲವಾಗಿದೆ, ನಾಳೆ ಸರಿಮಾಡಿಸುತ್ತೇನೆ. ಯಾವ ಊರಿಗೆ ಎಂದು ಇಲ್ಲಿ ಬರೆಯಬೇಡಿ. ನಿರ್ವಾಹಕಿಯವರಿಗೆ ತಿಳಿಸಿ, ಬಸ್ಸಿಗೆ ಹಾಕಿ ಕಳುಹಿಸುತ್ತೇನೆ.